ಕೊಸರು

ಮಾಬೂಬಿ ಸೇರಿನ ಮೇಲೆ ಗೋಪುರ ಕಟ್ಟಿ ಅಳೆಯುತ್ತಾಳೆ.
ಮಂಡಕ್ಕಿ ಚೀಲಕ್ಕೆ ಬಿದ್ದ ಮೇಲೂ
ಕೈ ಸುಮ್ಮನಿರದೆ ಇನ್ನೊಂದು ಹಿಡಿ ಹಾಕುತ್ತದೆ.
ಅದು ಲೆಕ್ಕಕ್ಕಿಲ್ಲ. ಅದಕ್ಕೆ ಕೊಸರು ಅಂತಾರೆ.
ಭಟ್ಟಿ ಹೊಗೆಗೆ ಕಣ್ಣು ಅರ್ಧ ಹೋಗಿದ್ದರೂ
ಆ ಹಿಡಿ ಒಂದು ದಿನ ತಪ್ಪಿದ್ದಿಲ್ಲ.

ಅವಳ ಮೊಮ್ಮಗ ಖಲಂದರ್, ಗ್ಯಾರೇಜಿನ ಬಕ್ಕೇಶ, ನಾನು,
ಮೂವರೂ ಸೇರಿ ನಾಲ್ಕು ಸಾವಿರಕ್ಕೆ ಕೊಂಡೆವು ಆಟ,
ಆರು ತಿಂಗಳು ಬೆಣ್ಣೆದೋಸೆ ಬಿಟ್ಟು.
ಸುಳ್ಳು. ಬಕ್ಕೇಶ ಬಿಡಲಿಲ್ಲ,
ಎರಡು ತಿಂದು ಒಂದು ಅಂತ ಲೆಕ್ಕ ಕೊಟ್ಟ.
ಡಬ್ಬಿ ಬಿಚ್ಚಿದರೆ ಡಿಸ್ಕೇ ಇಲ್ಲ,
ಒಂದು ಚೀಟಿ, ಹದಿನಾರು ಅಕ್ಷರ.
ಅದನ್ನು ಹೊಡೆದು ರಾತ್ರಿಯಿಡೀ ಇಳಿಸಿಕೊಂಡೆವು.
ಅಶೋಕ ರಸ್ತೆಯ ರೈಲ್ವೆ ಗೇಟು ನಾಲ್ಕು ಸಲ ಬಿತ್ತು, ಎದ್ದಿತು,
ನಮ್ಮ ಪಟ್ಟಿ ತೊಂಬತ್ತೊಂಬತ್ತಕ್ಕೆ ನಿಂತೇ ಇತ್ತು.

ಆಮೇಲೆ ಶುರುವಾಯಿತು.
ಕುದುರೆ ಕೊಟ್ಟರು, ಕಡಿವಾಣಕ್ಕೆ ಇನ್ನೂರ ತೊಂಬತ್ತೊಂಬತ್ತು.
ಕೋಟೆ ಕೊಟ್ಟರು, ಉತ್ತರದ ದಿಡ್ಡಿ ಬಾಗಿಲಿಗೆ ಬೀಗ.
ಕೀಲಿ ಬೇಕೆ? ಸೀಸನ್ ಪಾಸ್ ಕೊಳ್ಳಿ.
ನಮ್ಮೂರಿಗೆ ಇರೋದೇ ಎರಡು ಸೀಸನ್, ಬಿಸಿಲು ಮತ್ತು ಇನ್ನೂ ಬಿಸಿಲು;
ಇವರಿಗೆ ವರ್ಷಕ್ಕೆ ಒಂಬತ್ತು.
ದುಡ್ಡು ನೇರ ಮುಟ್ಟುವುದಿಲ್ಲ ಪುಣ್ಯಾತ್ಮರು,
ಮೊದಲು ಹರಳು ಕೊಳ್ಳಬೇಕು.
ಹರಳು ನೂರರ ಕಟ್ಟು, ಪೆಟ್ಟಿಗೆಗೆ ನೂರಿಪ್ಪತ್ತು.
ಮಿಕ್ಕ ಎಂಬತ್ತು ಯಾವ ಅಂಗಡಿಯಲ್ಲೂ ಓಡದು.
ಪೆಟ್ಟಿಗೆಯಲ್ಲಿ ಏನಿದೆ?
ತೆರೆದ ಮೇಲೆ ಗೊತ್ತಾಗುತ್ತೆ.
ಖಲಂದರ್ ಸಂಬಳದ ಕಾಲುಭಾಗ ಸುರಿದು ತೆರೆದ:
ಹನ್ನೊಂದು ಕೈಗವಸು.
ಹನ್ನೊಂದೂ ಎಡಗೈದು.
"ಮಂಡಿಪೇಟೇಲಿ ಹಿಂಗೆ ಬಾಯಿ ಹೊಲಿದ ಚೀಲ ಮಾರಿದ್ರೆ
ಹಮಾಲರೇ ಅಂಗಡಿ ಮುಂದೆ ಕೂತ್ಬಿಡ್ತಿದ್ರು" ಅಂದ.

ದೂರು ಬರೆದೆ. ಮರುನಿಮಿಷವೇ ಉತ್ತರ:
ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.
ನಿಜ.
ಅದೊಂದಕ್ಕೇ ಅವರು ಬೆಲೆ ಕಟ್ಟಿರಲಿಲ್ಲ.

ಹೋದ ತಿಂಗಳು ಪರದೆಯ ಮೇಲೊಂದು ಸಾಲು:
ಮೂವತ್ತಕ್ಕೆ ಸರ್ವರ್ ಮುಚ್ಚುತ್ತೇವೆ, ಜೊತೆಗಿದ್ದುದಕ್ಕೆ ಕೃತಜ್ಞತೆ.
ಅದರ ಕೆಳಗೇ ಒಂದು ಹಳದಿ ಗುಂಡಿ:
ಎರಡನೇ ಭಾಗಕ್ಕೆ ಮುಂಗಡ ಕೊಡಿ.

ಮಿಲ್ಲು ಮುಚ್ಚಿದ ದಿನ ಅಪ್ಪ ಬುತ್ತಿ ಡಬ್ಬಿಯೊಳಗೆ
ಒಂದು ಮರದ ಬಾಬಿನ್ ತಂದಿದ್ದ.
ಬಾಕಿ ಸಂಬಳ ಬರಲಿಲ್ಲ. ಬಾಬಿನ್ ಇದೆ,
ಗಾಳಿಗೆ ಬಡಿಯುವ ಅಡುಗೆಮನೆ ಕಿಟಕಿಗೆ ಬೆಣೆಯಾಗಿ.
ಕದ್ದದ್ದು ಅಂತ ಅಪ್ಪ ಒಪ್ಪುವುದಿಲ್ಲ, ಅಮ್ಮ ಬಿಡುವುದಿಲ್ಲ.
ನಾನು ಏನು ತರಲಿ, ಯಾವ ಡಬ್ಬಿಯಲ್ಲಿ?
ಮೂರು ವರ್ಷ ಮೇಯಿಸಿದ ಕುದುರೆ, ಕೆಂದ ಅಂತ ಹೆಸರಿಟ್ಟಿದ್ದೆ,
ನನ್ನದಲ್ಲವಂತೆ.
ಷರತ್ತಿನ ನಲವತ್ತನೇ ಪುಟದಲ್ಲಿದೆ:
ಕೊಂಡದ್ದಲ್ಲ, ಹತ್ತಲು ಅನುಮತಿ ಪಡೆದದ್ದು.

ಮೂವತ್ತರ ರಾತ್ರಿ ಮೂವರೂ ಹೋದೆವು.
ಕೋಟೆಯ ಅಂಗಳದಲ್ಲಿ ಯಾರ್ಯಾರೋ, ಯಾವ್ಯಾವ ಊರಿನವರೋ
ಕತ್ತಿ ಒರೆಗೆ ಸೇರಿಸಿ ನಿಂತಿದ್ದರು.
ಹೊಡೆದಾಟವಿಲ್ಲ. ಒಬ್ಬ ಸುಮ್ಮನೆ ಕುಣಿಯುತ್ತಿದ್ದ.
ಒಬ್ಬರಿಗೊಬ್ಬರು ಸಾಮಾನು ಕೊಡುವುದಕ್ಕೂ ಸುಂಕವಿತ್ತು ಅಲ್ಲಿ;
ಆ ರಾತ್ರಿ ಸುಂಕದ ಕಟ್ಟೆಯಲ್ಲಿ ಯಾರೂ ಇರಲಿಲ್ಲ.
ಗುರುತಿಲ್ಲದವನೊಬ್ಬ ಖಲಂದರ್ ಮುಂದೆ ನಿಂತ,
ಅವನಿಗೆ ಬರೀ ಬಲಗೈದೇ ಬಿದ್ದಿದ್ದವಂತೆ.
ಒಂದು ನೆಲಕ್ಕಿಟ್ಟ. ತಗೋ ಅಂತ ತಲೆಯಾಡಿಸಿದ.
ತಿರುಗಿ ಎರಡು ಹೆಜ್ಜೆ ಹೋದವನು ವಾಪಸು ಬಂದು
ಇನ್ನೊಂದೂ ಇಟ್ಟ.

ಹನ್ನೆರಡಕ್ಕೆ ಕಪ್ಪು.
ಫ್ಯಾನಿನ ಸದ್ದು ಆಗ ಕೇಳಿಸಿತು.
ಖಲಂದರ್ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡ,
ಚೀಲ ಬಿಚ್ಚಿದ. ಮಂಡಕ್ಕಿ, ತಣ್ಣಗಾದ ಮಿರ್ಚಿ.
ಯಾರೂ ಮಾತಾಡದೆ ತಿಂದೆವು.
ಕಪ್ಪಿನ ನಡುವೆ ಆ ಹಳದಿ ಗುಂಡಿ ಮಾತ್ರ ಮಿನುಗುತ್ತಿತ್ತು.
ಬಕ್ಕೇಶನ ಬೆರಳು ಅದರ ಹತ್ತಿರ ಇತ್ತು.
"ಏ, ಸುಮ್ನೆ ರೇಟು ನೋಡ್ತಿದೀನಿ ಕಣ್ರೋ" ಅಂದ.